ಅವನೆದುರಿಗೊಬ್ಬ ಗಾಯಾಳು ಇರಲಿ

ಯುದ್ಧಕಾಲದ ಪುಟಾಣಿ ಸಿಪಾಯಿಗಳನ್ನು ಕೂಡಿಡುವ ಗೆಳೆಯರಿಗೆ,

ನಿಮ್ಮಲ್ಲಿ ನಾಲ್ಕೈದು ಜನರನ್ನು ನಾನು ಮುಖತಃ ಕಂಡಿದ್ದೇನೆ. ಜರ್ಮನಿಯ ಎರ್ಲಾಂಗೆನ್‌ನಲ್ಲಿರುವ ಮಗಳ ಮನೆಗೆ ಬಂದು ಎರಡು ತಿಂಗಳಾಯಿತು. ಭಾನುವಾರ ಮಧ್ಯಾಹ್ನ ನೀವು ಅಳಿಯಂದಿರ ಜೊತೆ ಊಟದ ಮೇಜಿನ ಸುತ್ತ ಕೂತು, ಡಬ್ಬಿಗಳಿಂದ ಒಂದೊಂದೇ ಗೊಂಬೆ ತೆಗೆದು, ದೀಪದ ಕೆಳಗೆ ಹಿಡಿದು, ಭೂತಗನ್ನಡಿಯಲ್ಲಿ ನೋಡುತ್ತಿದ್ದಿರಿ. ನಿಮ್ಮ ಹಾಗೆಯೇ ಬೆಂಗಳೂರಿನಲ್ಲಿ, ಮೈಸೂರಿನಲ್ಲಿ, ಬೇರೆ ದೇಶಗಳಲ್ಲಿ ಇನ್ನೂ ಎಷ್ಟೋ ಕನ್ನಡದವರು ಇದ್ದಾರೆಂದು ಅಳಿಯಂದಿರು ಹೇಳಿದರು. ಈ ಪತ್ರ ಅವರಿಗೂ ಸೇರಿದ್ದು. ಅಳಿಯಂದಿರಿಗೆ ಓದಿ ಹೇಳಿಯೇ ಕಳಿಸುತ್ತಿದ್ದೇನೆ.

ನನಗೆ ಈ ಹವ್ಯಾಸ ಇಲ್ಲ. ಆರ್ಮಿ ಮೆಡಿಕಲ್ ಕೋರ್‌ನಲ್ಲಿ ಇಪ್ಪತ್ತೆರಡು ವರ್ಷ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದು, ಹವಾಲ್ದಾರನಾಗಿ ಪೆನ್ಷನ್ ಬಂದವನು. ಲಖನೌದ ಎಎಂಸಿ ಸೆಂಟರಿನಲ್ಲಿ ಕಲಿತ ಬ್ಯಾಂಡೇಜು, ಸ್ಪ್ಲಿಂಟು, ಸ್ಟ್ರೆಚರು, ಇಷ್ಟೇ ನನ್ನ ವಿದ್ಯೆ. ಹಾಗಾಗಿ ಮೇಜಿನ ಮೇಲೆ ನೂರಾರು ಗೊಂಬೆ ಹರಡಿದ್ದರೂ ನನ್ನ ಕಣ್ಣು ಹೋಗಿ ನಿಂತದ್ದು ಒಂದರ ಮೇಲೆ. ಎರಡನೇ ಮಹಾಯುದ್ಧದ ಜರ್ಮನ್ ಸೇನೆಯ ಸಾನಿಟೇಟರ್. ಜರ್ಮನ್ ಸಿಪಾಯಿಗಳು ಮೊಟಕಾಗಿ 'ಸಾನಿ' ಎನ್ನುತ್ತಾರೆ. ನನ್ನದೇ ಕಸುಬಿನವನು.

ಅವನ ಎತ್ತರ ನಾಲ್ಕು ಸೆಂಟಿಮೀಟರ್. ಡೆನ್ಮಾರ್ಕಿನ ಬಿಲ್ಲುಂಡ್‌ನಿಂದ 1978ರಲ್ಲಿ ಹೊರಬಂದ ಲೆಗೋ ಗೊಂಬೆಯದೇ ಆಕಾರ: ಉರುಟು ತಲೆ, ಚೌಕ ಕಾಲು, ಕೊಕ್ಕೆಯಂಥ ಕೈ. ಆ ಕಂಪನಿ ಈಚಿನ ಯುದ್ಧಗಳ ಸಿಪಾಯಿಗಳನ್ನು ಮಾಡುವುದಿಲ್ಲ, ಬೇರೆ ಸಣ್ಣಪುಟ್ಟ ತಯಾರಕರು ಅದೇ ಅಳತೆಯ ಗೊಂಬೆಗೆ ಸಮವಸ್ತ್ರದ ಅಚ್ಚು ಹಾಕಿ ಮಾರುತ್ತಾರೆ ಎಂದು ನೀವೇ ತಿಳಿಸಿಕೊಟ್ಟಿರಿ. ಭೂತಗನ್ನಡಿ ಈಸಿಕೊಂಡು ನೋಡಿದೆ. ಬೂದು ಬೆರೆತ ಹಸಿರು ಕೋಟು. ಎಡತೋಳಿಗೆ ಬಿಳಿ ಪಟ್ಟಿ, ಅದರ ಮೇಲೆ ಕೆಂಪು ಶಿಲುಬೆ. ಬಲತೋಳಿನ ಕೆಳಗೆ ಎಳ್ಳುಕಾಳಿನಷ್ಟು ಜಾಗದಲ್ಲಿ ಕೋಲಿಗೆ ಸುತ್ತಿಕೊಂಡ ಹಾವು. ಭುಜಪಟ್ಟಿಯ ಅಂಚಿನಲ್ಲಿ ನೀಲಿಯ ಒಂದು ಗೆರೆ. ಆ ನೀಲಿ ಜರ್ಮನ್ ಸೇನೆಯಲ್ಲಿ ವೈದ್ಯ ವಿಭಾಗದ ಬಣ್ಣ, ಗೋಧಿ ಹೊಲದಲ್ಲಿ ಬೆಳೆಯುವ ಕಾರ್ನ್‌ಫ್ಲವರ್ ಎಂಬ ಹೂವಿನ ಬಣ್ಣ ಎಂದು ನಿಮ್ಮಲ್ಲೊಬ್ಬರು ಹೇಳಿದಿರಿ. ಸೊಂಟದ ಎರಡೂ ಕಡೆ ಚರ್ಮದ ಚೀಲ. ಒಂದು ಕೂದಲೆಳೆಯಷ್ಟೂ ಅಲ್ಲಾಡದ ಅಚ್ಚು. ಮಾಡಿದವರು ಯಾರೋ, ಮನಸ್ಸಿಟ್ಟು ಮಾಡಿದ್ದಾರೆ.

ಪೊಟ್ಟಣದಲ್ಲಿ ಅವನ ಜೊತೆ ಬಂದದ್ದು ಒಂದು ಹೆಲ್ಮೆಟ್, ಒಂದು ಬೆನ್ನುಚೀಲ, ಒಂದು ಬಂದೂಕು. ಏಳು ವರ್ಷದ ಮೊಮ್ಮಗ ಮೊದಲು ಎತ್ತಿಕೊಂಡದ್ದು ಬಂದೂಕನ್ನೇ. ಕೊಕ್ಕೆ ಕೈಗೆ ಅದನ್ನು ಸಿಕ್ಕಿಸಿ ಸಾಲಿನ ಮುಂದೆ ನಿಲ್ಲಿಸಿದ. ಮಗುವಿನದು ತಪ್ಪಲ್ಲ. ಹಿಡಿಯಲು ಕೊಟ್ಟದ್ದೇ ಅದಾದರೆ ಇನ್ನೇನು ಹಿಡಿದಾನು?

ಆಗ ನಿಮ್ಮಲ್ಲೊಬ್ಬರು, "ಅಂಕಲ್, ಜರ್ಮನ್ ಕಡೆಯವರಲ್ಲಿ ಮನಸ್ಸಿಗೆ ಕಸಿವಿಸಿ ಇಲ್ಲದೆ ಶೆಲ್ಫಿನಲ್ಲಿಡಬಹುದಾದವನು ಇವನೊಬ್ಬನೇ" ಎಂದಿರಿ. ಮಿಕ್ಕವರು ತಲೆಯಾಡಿಸಿದಿರಿ. ನಾನೂ ಆಡಿಸಿದೆ. ನನ್ನ ಕಸುಬಿಗೆ ಸಿಕ್ಕ ಮರ್ಯಾದೆ ಎಂದು ಹಿಗ್ಗೂ ಆಯಿತು. ಆದರೆ ಆ ರಾತ್ರಿ ಮಲಗಿದ ಮೇಲೆ ಆ ಮಾತು ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಅದಕ್ಕೇ ಈ ಪತ್ರ.

ಅವನ ಎಡತೋಳಿನ ಪಟ್ಟಿಯಿಂದಲೇ ಶುರುಮಾಡುತ್ತೇನೆ, ಅದು ನಾನೂ ಕಟ್ಟಿದ ಪಟ್ಟಿ. 1859ರ ಜೂನ್ 24ರಂದು ಇಟಲಿಯ ಸೋಲ್ಫೆರಿನೊದಲ್ಲಿ ಘೋರ ಯುದ್ಧ ನಡೆಯಿತು. ವ್ಯಾಪಾರದ ಕೆಲಸಕ್ಕೆಂದು ಹೊರಟಿದ್ದ ಜಿನೀವಾದ ಹೆನ್ರಿ ಡ್ಯೂನಾಂಟ್ ಅಲ್ಲಿ ಬಿದ್ದಿದ್ದ ಸಾವಿರಾರು ಗಾಯಾಳುಗಳನ್ನು ಕಂಡ. ನೀರು ಕೊಡುವವರೂ ಇಲ್ಲದೆ ಜನ ಸಾಯುತ್ತಿದ್ದರು. ಅವನ ಪ್ರಯತ್ನದ ಫಲವಾಗಿ ಐದು ವರ್ಷದ ಮೇಲೆ, 1864ರ ಆಗಸ್ಟ್ 22ರಂದು, ಹನ್ನೆರಡು ರಾಜ್ಯಗಳು ಜಿನೀವಾದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದವು. ಜರ್ಮನ್ನರ ದೊಡ್ಡ ರಾಜ್ಯ ಪ್ರಷ್ಯಾ ಅವುಗಳಲ್ಲಿ ಒಂದು. ಗಾಯಗೊಂಡ ಸಿಪಾಯಿ ಯಾವ ದೇಶದವನೇ ಆಗಿರಲಿ, ಅವನನ್ನು ಎತ್ತಿ ತಂದು ಶುಶ್ರೂಷೆ ಮಾಡಬೇಕು ಎಂಬುದು ಆ ಒಪ್ಪಂದದ ತಿರುಳು. ಬಿಳಿ ನೆಲದ ಮೇಲೆ ಕೆಂಪು ಶಿಲುಬೆಯ ತೋಳುಪಟ್ಟಿಗೆ ಕಾನೂನಿನ ಮಾನ್ಯತೆ ಸಿಕ್ಕಿದ್ದು ಅದೇ ಒಪ್ಪಂದದಲ್ಲಿ. ಆ ಪಟ್ಟಿ ಕಟ್ಟಿದವನ ಮೇಲೆ ಗುಂಡು ಹಾರಿಸಬಾರದು. ಯಾಕೆ ಹಾರಿಸಬಾರದು ಎಂದರೆ, ಅವನು ಹಾರಿಸುವವನ ಕಡೆಯ ಗಾಯಾಳುವನ್ನೂ ಎತ್ತುತ್ತಾನೆ. ಕೊಡು-ಕೊಳ್ಳು ಅಷ್ಟು ನೇರ. 1929ರ ಒಪ್ಪಂದದಲ್ಲಿ ಮೆಡಿಕ್ ತನ್ನ ಮತ್ತು ಗಾಯಾಳುಗಳ ರಕ್ಷಣೆಗೆ ಆಯುಧ ಇಟ್ಟುಕೊಳ್ಳಬಹುದು ಎಂದೂ ಇದೆ. ಹಾಗಾಗಿ ಗೊಂಬೆಯ ಬಂದೂಕು ಶುದ್ಧ ಸುಳ್ಳು ಎಂದು ನಾನು ಹೇಳಲಾರೆ. ಆದರೆ ಕಾಯಲು ಒಬ್ಬ ಗಾಯಾಳುವೇ ಇಲ್ಲದ ಕಡೆ ಬಂದೂಕು ಯಾತಕ್ಕೆ?

ಎರ್ಲಾಂಗೆನ್‌ನಿಂದ ನ್ಯೂರೆಂಬರ್ಗಿಗೆ ರೈಲಿನಲ್ಲಿ ಅರ್ಧ ಗಂಟೆಯೂ ಆಗುವುದಿಲ್ಲ. ನೀವೆಲ್ಲ ಆ ಊರಿಗೆ ಗೊಂಬೆಗಾಗಿಯೇ ಹೋಗುತ್ತೀರಿ. ಅದು ಗೊಂಬೆಗಳ ಊರೇ ಸೈ. 1839ರಲ್ಲಿ ಅರ್ನ್ಸ್ಟ್ ಹೈನ್ರಿಕ್ಸನ್ ಅಲ್ಲಿ ತವರದ ಚಪ್ಪಟೆ ಸಿಪಾಯಿಗಳ ಕಾರ್ಖಾನೆ ತೆರೆದ. ಅವನು ಹಿಡಿದ ಮೂರು ಸೆಂಟಿಮೀಟರ್ ಅಳತೆಯನ್ನು ಇಂದಿಗೂ ನ್ಯೂರೆಂಬರ್ಗ್ ಅಳತೆ ಎನ್ನುತ್ತಾರೆ. 1950ರಿಂದ ಅಲ್ಲಿ ಆಟಿಕೆಗಳ ಜಾತ್ರೆಯೇ ನಡೆದುಬಂದಿದೆ, ಜಗತ್ತಿನ ವ್ಯಾಪಾರಿಗಳೆಲ್ಲ ಸೇರುತ್ತಾರೆ.

ನಿಮ್ಮಲ್ಲೊಬ್ಬರ ಮನೆಯಲ್ಲಿ 1930ರ ದಶಕದ ಎಲಾಸ್ಟೊಲಿನ್ ಗೊಂಬೆಗಳನ್ನು ನೋಡಿದೆ. ತಂತಿಯ ಅಸ್ಥಿಪಂಜರದ ಮೇಲೆ ಮರದ ಹೊಟ್ಟು ಮತ್ತು ಅಂಟು ಮೆತ್ತಿ, ಒಣಗಿಸಿ, ಕೈಯಲ್ಲಿ ಬಣ್ಣ ಬಳಿದವು. ಏಳು ಸೆಂಟಿಮೀಟರ್ ಎತ್ತರ. ಅದರಲ್ಲೂ ಸಾನಿ ಇದ್ದ. ಇಬ್ಬರು ಹೊರುವ ಸ್ಟ್ರೆಚರ್ ಇತ್ತು, ತಲೆಗೆ ಬಟ್ಟೆ ಸುತ್ತಿಕೊಂಡು ಮಲಗಿದ್ದ ಗಾಯಾಳು ಇದ್ದ, ನರ್ಸಮ್ಮ ಇದ್ದಳು. ಬಣ್ಣ ಅಲ್ಲಲ್ಲಿ ಬಿರಿದು ಒಳಗಿನ ಹೊಟ್ಟು ಕಾಣುತ್ತಿತ್ತು. ನಾನು ಬಹಳ ಹೊತ್ತು ನೋಡುತ್ತಾ ಕೂತೆ. 1934ರಲ್ಲಿ ಹತ್ತು ವರ್ಷದ ಹುಡುಗನೊಬ್ಬ ಈ ಗೊಂಬೆಗಳ ಜೊತೆ ಆಡಿದ್ದರೆ 1942ಕ್ಕೆ ಅವನಿಗೆ ಹದಿನೆಂಟು. ಸ್ಟಾಲಿನ್‌ಗ್ರಾಡಿನ ವರ್ಷ. ಆ ಡಬ್ಬಿಯಲ್ಲಿ ನಾನು ಕಂಡ ಗಾಯಾಳುಗಳೆಲ್ಲ ಅದೇ ಬೂದು ಕೋಟಿನವರು. ಆ ಹುಡುಗ ಆಟದಲ್ಲಿ ಎತ್ತಿ ತಂದದ್ದು ತನ್ನವರನ್ನು ಮಾತ್ರ.

ಈಗ ಸೊಂಟದ ಚೀಲದ ಮಾತು. ಅಚ್ಚಿನಲ್ಲಿ ಅದು ಬರೀ ಎರಡು ಕಂದು ಚೌಕ. ನಿಜವಾದ ಚೀಲದಲ್ಲಿ ಬ್ಯಾಂಡೇಜು, ಕತ್ತರಿ, ಮಾತ್ರೆಗಳ ಜೊತೆ ಗಾಯಕ್ಕೆ ಉದುರಿಸುವ ಸಲ್ಫಾ ಪುಡಿಯೂ ಇರುತ್ತಿತ್ತು. ಸಲ್ಫಾದ ಕತೆ ಕೂಡ ಒಬ್ಬ ಜರ್ಮನ್ ಸಾನಿಯಿಂದಲೇ ಶುರುವಾದದ್ದು. ಗೆರ್ಹಾರ್ಡ್ ಡೋಮಾಕ್ 1914ರಲ್ಲಿ ಕೀಲ್ ವಿಶ್ವವಿದ್ಯಾಲಯದ ವೈದ್ಯಕೀಯ ವಿದ್ಯಾರ್ಥಿ. ಸೇನೆ ಸೇರಿದ, ವರ್ಷ ಮುಗಿಯುವುದರೊಳಗೆ ಗಾಯಗೊಂಡ, ಆಮೇಲೆ ವೈದ್ಯ ವಿಭಾಗಕ್ಕೆ ಹೋಗಿ ರಷ್ಯಾ ಕಡೆಯ ಕಾಲರಾ ಆಸ್ಪತ್ರೆಗಳಲ್ಲಿ ದುಡಿದ. ಅಲ್ಲಿ ಅವನು ಕಂಡದ್ದು ಒಂದೇ ಸಂಕಟ: ಸರ್ಜನ್ ಚೆನ್ನಾಗಿ ಕತ್ತರಿಸಿ ಹೊಲಿದರೂ ಗಾಯ ಕೊಳೆತು ಮನುಷ್ಯ ಸಾಯುತ್ತಾನೆ, ವೈದ್ಯರು ಕೈಕಟ್ಟಿ ನಿಲ್ಲುತ್ತಾರೆ. ಅದು ಅವನ ತಲೆಯಿಂದ ಹೋಗಲಿಲ್ಲ. ಬಾಯರ್ ಕಂಪನಿಯ ಪ್ರಯೋಗಾಲಯದಲ್ಲಿ ಕೂತು 1932ರಲ್ಲಿ ಪ್ರೊಂಟೊಸಿಲ್ ಎಂಬ ಕೆಂಪು ಬಣ್ಣದ ಸಲ್ಫಾ ಔಷಧದ ಗುಣ ಕಂಡುಹಿಡಿದ. ಮಗಳ ಕೈಗೆ ಸೂಜಿ ಚುಚ್ಚಿ ನಂಜೇರಿ, ಕೈ ಕತ್ತರಿಸಬೇಕೆಂಬ ಸ್ಥಿತಿ ಬಂದಾಗ ಅದನ್ನೇ ಕೊಟ್ಟು ಉಳಿಸಿಕೊಂಡ. 1939ರಲ್ಲಿ ನೊಬೆಲ್ ಬಂತು. ನಾಜಿ ಸರ್ಕಾರ ತೆಗೆದುಕೊಳ್ಳಗೊಡಲಿಲ್ಲ. ಪದಕ ಕೈಗೆ ಸಿಕ್ಕಿದ್ದು 1947ರಲ್ಲಿ.

ಇಷ್ಟು ಕೇಳಿದರೆ ಎದೆ ತುಂಬಿ ಬರುತ್ತದೆ. ನನಗೂ ಬಂತು. ಆದರೆ ಅದೇ ಸಲ್ಫಾದ ಜಾಡು ಹಿಡಿದು ಇನ್ನೊಂದಿಷ್ಟು ದೂರ ಹೋದರೆ ರಾವೆನ್ಸ್‌ಬ್ರುಕ್ ಸಿಗುತ್ತದೆ. ಬರ್ಲಿನ್ನಿನ ಉತ್ತರಕ್ಕಿದ್ದ ಹೆಂಗಸರ ಸೆರೆಶಿಬಿರ. 1942ರಿಂದ ಅಲ್ಲಿ ಎಸ್‌ಎಸ್ ವೈದ್ಯ ಕಾರ್ಲ್ ಗೆಬ್‌ಹಾರ್ಡ್ ಮತ್ತು ಅವನ ಕೈಕೆಳಗಿನವರು ಸೆರೆಯಲ್ಲಿದ್ದ ಹೆಂಗಸರ ಕಾಲು ಸೀಳಿ, ಗಾಯದೊಳಗೆ ರೋಗಾಣು ಹಾಕಿದರು, ಮರದ ಚೂರು ಮತ್ತು ಗಾಜಿನ ಪುಡಿ ತುಂಬಿದರು. ಯುದ್ಧಭೂಮಿಯ ಗಾಯ ಹೇಗಿರುತ್ತದೋ ಹಾಗೆ ಮಾಡಿ, ಸಲ್ಫಾ ಎಷ್ಟು ಕೆಲಸ ಮಾಡುತ್ತದೆ ಎಂದು ನೋಡಲು. ಅವರಲ್ಲಿ 74 ಜನ ಪೋಲೆಂಡಿನವರು. ಕೆಲವರು ಸತ್ತರು, ಉಳಿದವರಲ್ಲಿ ಹಲವರು ಜೀವಮಾನವಿಡೀ ಕುಂಟಿದರು. 1943ರ ಮೇ ತಿಂಗಳಲ್ಲಿ ಬರ್ಲಿನ್ನಿನ ಸೇನಾ ವೈದ್ಯ ಅಕಾಡೆಮಿಯಲ್ಲಿ ಈ ಪ್ರಯೋಗದ ವರದಿ ಓದಿದರು. ಸಮವಸ್ತ್ರ ತೊಟ್ಟ ವೈದ್ಯರು ಕೂತು ಕೇಳಿದರು. ಅವರ ಪೈಕಿ ಇಡೀ ಸೇನೆಯ ವೈದ್ಯ ವಿಭಾಗದ ಮುಖ್ಯಸ್ಥ ಸೀಗ್‌ಫ್ರೀಡ್ ಹ್ಯಾಂಡ್‌ಲೋಸರ್ ಕೂಡ ಇದ್ದ.

ಯುದ್ಧ ಮುಗಿದ ಮೇಲೆ ಇವರನ್ನು ನಿಲ್ಲಿಸಿದ್ದು ಎಲ್ಲಿ ಗೊತ್ತೇ? ನೀವು ಗೊಂಬೆ ಕೊಳ್ಳಲು ಹೋಗುವ ಅದೇ ನ್ಯೂರೆಂಬರ್ಗಿನಲ್ಲಿ. ಯು-1 ರೈಲಿನಲ್ಲಿ ಬೇರೆನ್‌ಶಾಂಟ್ಸೆ ಸ್ಟೇಷನ್ನಿನಲ್ಲಿ ಇಳಿದರೆ ನ್ಯಾಯಾಲಯದ ಕಟ್ಟಡ. ಅಳಿಯಂದಿರು ಕರೆದುಕೊಂಡು ಹೋಗಿ ತೋರಿಸಿದರು. 1946ರ ಡಿಸೆಂಬರ್ 9ರಂದು ಅಲ್ಲಿ 23 ಜನರ ಮೇಲೆ ವಿಚಾರಣೆ ಶುರುವಾಯಿತು, ಹೆಚ್ಚುಕಡಿಮೆ ಎಲ್ಲರೂ ವೈದ್ಯರು. 16 ಜನರ ಅಪರಾಧ ಸಾಬೀತಾಯಿತು. ಗೆಬ್‌ಹಾರ್ಡ್ ಸೇರಿ ಏಳು ಜನರನ್ನು ನೇಣಿಗೆ ಹಾಕಿದರು. ಹ್ಯಾಂಡ್‌ಲೋಸರ್‌ಗೆ ಜೀವಾವಧಿ. ಅದೇ ಡಿಸೆಂಬರಿನಲ್ಲಿ ಯಾದ್ವಿಗಾ ಜೀದೋ ಎಂಬ ಪೋಲೆಂಡಿನ ಹೆಣ್ಣುಮಗಳು ಸಾಕ್ಷಿಗೆ ಬಂದಳು. ಫಾರ್ಮಸಿ ಓದಿಗೆ ಸೇರಿದ್ದವಳು, ರಾವೆನ್ಸ್‌ಬ್ರುಕ್‌ನಲ್ಲಿ ಆ ಪ್ರಯೋಗಕ್ಕೆ ಗುರಿಯಾದವಳು. ಅವಳು ತನ್ನ ಕಾಲನ್ನು ನ್ಯಾಯಾಲಯಕ್ಕೆ ತೋರಿಸುತ್ತಾ ನಿಂತ ಫೋಟೋ ಇದೆ. ಪಕ್ಕದಲ್ಲಿ ವೈದ್ಯರೊಬ್ಬರು ಆ ಗುರುತನ್ನು ಬೆರಳಿಟ್ಟು ವಿವರಿಸುತ್ತಿದ್ದಾರೆ. ನಾನು ಎಷ್ಟೋ ಗಾಯ ಕಟ್ಟಿದವನು. ಆ ಫೋಟೋ ಮುಂದೆ ನನ್ನಿಂದ ನಿಲ್ಲಲಾಗಲಿಲ್ಲ.

ನಿಮ್ಮ ನಾಲ್ಕು ಸೆಂಟಿಮೀಟರಿನ ಸಾನಿಗೂ ಈ ಪಾಪಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಹಳ್ಳದಲ್ಲಿ ಮಂಡಿಯೂರಿ ಕೂತು ಗೆಳೆಯನ ರಕ್ತ ನಿಲ್ಲಿಸುತ್ತಿದ್ದ ಹುಡುಗ ರಾವೆನ್ಸ್‌ಬ್ರುಕ್ ನೋಡಿದವನೇ ಅಲ್ಲ. ನಿಜ. ಆದರೆ ಅವನ ಸೇನೆಯ ಕೈಗೆ ಸಿಕ್ಕ ಸೋವಿಯತ್ ಕೈದಿಗಳು ಸುಮಾರು 57 ಲಕ್ಷ. ಅವರಲ್ಲಿ ಸುಮಾರು 33 ಲಕ್ಷ ಜನ ಹಸಿವು, ಚಳಿ, ರೋಗ, ಗುಂಡಿಗೆ ಸತ್ತರು ಎಂಬುದು ಇತಿಹಾಸಕಾರರ ಲೆಕ್ಕ. ಅವರಲ್ಲೂ ಗಾಯಾಳುಗಳಿದ್ದರು. ಯಾವ ದೇಶದವನಾದರೂ ಎತ್ತಬೇಕು ಎಂಬ ಪಟ್ಟಿ ಎಡತೋಳಿನಲ್ಲಿ ಇದ್ದೇ ಇತ್ತು. ಆದ್ದರಿಂದ ಇವನೊಬ್ಬನನ್ನು ಕಸಿವಿಸಿ ಇಲ್ಲದೆ ಇಡಬಹುದು ಎಂಬ ಮಾತನ್ನು ನಾನು ಒಪ್ಪಲಾರೆ. ಮಿಕ್ಕವರಿಗಿಂತ ಹೆಚ್ಚು ಕಸಿವಿಸಿ ಆಗಬೇಕಾದದ್ದು ಇವನನ್ನು ಕಂಡಾಗಲೇ, ಯಾಕೆಂದರೆ ಮಾತು ಕೊಟ್ಟು ಹೊರಟವನು ಇವನೇ.

ಮಾತು ಉಳಿಸಿಕೊಂಡವರೂ ಇದ್ದರು. 1944ರ ನವೆಂಬರಿನಲ್ಲಿ, ಬೆಲ್ಜಿಯಂ ಗಡಿಗೆ ಹತ್ತಿರದ ಹ್ಯೂರ್ಟ್‌ಗೆನ್ ಕಾಡಿನಲ್ಲಿ ಜರ್ಮನ್ನರಿಗೂ ಅಮೆರಿಕನ್ನರಿಗೂ ಭಾರಿ ಕಾದಾಟ ನಡೆಯುತ್ತಿತ್ತು. ಕಣಿವೆಯಲ್ಲಿ ಕಾಲ್ ಎಂಬ ಹೊಳೆ, ಅದಕ್ಕೊಂದು ಪುಟ್ಟ ಸೇತುವೆ. ಮಳೆ, ಕೆಸರು, ಚಳಿ. ಎರಡೂ ಕಡೆಯ ಗಾಯಾಳುಗಳು ಮರಗಳ ಕೆಳಗೆ ಬಿದ್ದಿದ್ದರು. ಜರ್ಮನ್ ಸೇನೆಯ ವೈದ್ಯ ಗ್ಯುಂಟರ್ ಸ್ಟ್ಯುಟ್‌ಗೆನ್ ಎದುರಾಳಿಗಳ ಜೊತೆ ಮಾತಾಡಿ, ನವೆಂಬರ್ 7ರಿಂದ 12ರ ನಡುವೆ ಸೇತುವೆಯ ಬಳಿ ಗುಂಡು ನಿಲ್ಲಿಸಿದ. ಅವನೂ ಅವನ ಸಾನಿಗಳೂ ಅಮೆರಿಕನ್ ಗಾಯಾಳುಗಳಿಗೂ ಪಟ್ಟಿ ಕಟ್ಟಿ ಅವರವರ ಕಡೆಗೆ ದಾಟಿಸಿದರು. ಅಮೆರಿಕನ್ನರು ಆ ದೃಶ್ಯವನ್ನು ಚಿತ್ರ ಬರೆಸಿ ಇಟ್ಟುಕೊಂಡಿದ್ದಾರೆ. ಸೇತುವೆಯ ಬಳಿ ಸ್ಮಾರಕವೂ ಇದೆ. ನಿಮ್ಮಲ್ಲಿ ಕಾರು ಇರುವವರು ಒಮ್ಮೆ ಹೋಗಿ ಬನ್ನಿ.

ನನ್ನದೊಂದು ಮಾತು ಹೇಳುತ್ತೇನೆ. ಯಾವ ಗಡಿ, ಯಾವ ವರ್ಷ ಎಂದು ಬರೆಯುವುದಿಲ್ಲ. ಒಂದು ಬೆಳಗಿನ ಜಾವ ನಮ್ಮ ಡ್ರೆಸ್ಸಿಂಗ್ ಸ್ಟೇಷನ್ನಿಗೆ ಹೊತ್ತು ತಂದವನು ನಮ್ಮವನಾಗಿರಲಿಲ್ಲ. ಹೊಟ್ಟೆಗೆ ಗುಂಡು ಬಿದ್ದಿತ್ತು. ಹಿಂದಿನ ದಿನ ನಮ್ಮ ಇಬ್ಬರು ಹುಡುಗರು ಹೋಗಿದ್ದರು, ಅದರಲ್ಲೊಬ್ಬ ನನ್ನ ಜೊತೆ ತಟ್ಟೆ ಹಂಚಿಕೊಂಡು ಉಣ್ಣುತ್ತಿದ್ದವನು. ನನ್ನ ಕೈ ಏಳಲಿಲ್ಲ. ಡಾಕ್ಟರ್ ಸಾಹೇಬರು ಗ್ಲೌಸ್ ಹಾಕಿಕೊಳ್ಳುತ್ತಾ ನನ್ನ ಮುಖ ನೋಡಿ, "ಮರೀಜ್ ಹೈ", ಇವನು ರೋಗಿ, ಎಂದರು. ಅಷ್ಟೇ. ಕತ್ತರಿ ತೆಗೆದುಕೊಂಡು ಅವನ ಅಂಗಿ ಕತ್ತರಿಸಿದೆ. ಅವನು ನೀರು ಕೇಳಿದ. ಹೊಟ್ಟೆಗೆ ಪೆಟ್ಟಾದವನಿಗೆ ನೀರು ಕೊಡಬಾರದು. ಹತ್ತಿ ಒದ್ದೆ ಮಾಡಿ ತುಟಿ ಒರೆಸಿದೆ, ಸಂಜೆ ಹೆಲಿಕಾಪ್ಟರ್ ಬರುವವರೆಗೂ ಒರೆಸುತ್ತಲೇ ಇದ್ದೆ. ಆವತ್ತಿನವರೆಗೆ ನಾನು ಪಟ್ಟಿ ಕಟ್ಟಿದ್ದೆ, ಅದರ ಅರ್ಥ ಗೊತ್ತಿರಲಿಲ್ಲ. ನಮ್ಮ 60ನೇ ಪ್ಯಾರಾ ಫೀಲ್ಡ್ ಆಂಬ್ಯುಲೆನ್ಸ್ 1950ರಿಂದ 1954ರವರೆಗೆ ಕೊರಿಯಾದಲ್ಲಿ ಮಾಡಿದ್ದೂ ಇದೇ ಕೆಲಸ, ನಮ್ಮದಲ್ಲದ ಯುದ್ಧದಲ್ಲಿ ನಮ್ಮವರಲ್ಲದವರ ಗಾಯ ಕಟ್ಟುವ ಕೆಲಸ. ಆ ದಳದ ಗೊಂಬೆ ಯಾರಾದರೂ ಮಾಡಿದರೆ ಮೊದಲ ಗಿರಾಕಿ ನಾನೇ.

ಈಗ ನಾನು ಕೇಳಿಕೊಳ್ಳುವುದು ಇಷ್ಟು. ಸಾನಿಯನ್ನು ಬಿಸಾಡಬೇಡಿ, ಬಚ್ಚಿಡಲೂ ಬೇಡಿ. ಒಂಟಿಯಾಗಿ ಮಾತ್ರ ನಿಲ್ಲಿಸಬೇಡಿ. ಅವನೆದುರಿಗೊಬ್ಬ ಗಾಯಾಳುವನ್ನು ಮಲಗಿಸಿ. ಆ ಗಾಯಾಳುವಿನ ಕೋಟು ಬೂದು-ಹಸಿರು ಆಗಿರದಿರಲಿ. ಕಂದು ಕೋಟಿನ ರಷ್ಯನ್ ಇರಲಿ, ಖಾಕಿಯ ಅಮೆರಿಕನ್ ಇರಲಿ, ಪಟ್ಟೆ ಅಂಗಿಯ ಪೋಲೆಂಡಿನ ಹೆಣ್ಣುಮಗಳೇ ಇರಲಿ. ಶೆಲ್ಫಿನ ಮುಂದೆ ನಿಂತ ನೆಂಟರಾಗಲಿ ಮಕ್ಕಳಾಗಲಿ ಇದು ಯಾಕೆ ಹೀಗೆ ಎಂದು ಕೇಳಿಯೇ ಕೇಳುತ್ತಾರೆ. ಆಗ ಡೋಮಾಕನ ಕತೆ ಹೇಳಿ, ಅದರ ಬೆನ್ನಿಗೇ ಯಾದ್ವಿಗಾಳ ಕತೆ ಹೇಳಿ. ಒಂದನ್ನು ಹೇಳಿ ಇನ್ನೊಂದನ್ನು ನುಂಗಬೇಡಿ. ಅಚ್ಚಿನಲ್ಲಿ ಹಾವಿನ ಸುರುಳಿ ಎಷ್ಟು ಎಂದು ಎಣಿಸುವ ನಿಮ್ಮ ಕಣ್ಣಿಗೆ ಇದು ಹೊರೆಯಾಗುವುದಿಲ್ಲ ಎಂದು ನನಗೆ ಗೊತ್ತು.

ಇನ್ನೊಂದು. ನಿಮ್ಮ ಗುಂಪಿನ ಟೀ ಶರ್ಟಿಗೆ ಆ ಕೆಂಪು ಶಿಲುಬೆಯನ್ನೇ ಗುರುತಾಗಿ ಹಾಕುವ ಯೋಚನೆ ಇದೆಯೆಂದು ಕೇಳಿದೆ. ದಯವಿಟ್ಟು ಬೇಡ. ಆ ಗುರುತು ಯಾರು ಬೇಕಾದರೂ ಬಳಸುವಂಥದ್ದಲ್ಲ. ನಮ್ಮ ದೇಶದಲ್ಲೇ 1960ರ ಜಿನೀವಾ ಒಪ್ಪಂದಗಳ ಕಾಯ್ದೆ ಅದನ್ನು ಸರ್ಕಾರದ ಒಪ್ಪಿಗೆಯಿಲ್ಲದೆ ಬಳಸುವುದನ್ನು ಅಪರಾಧ ಎನ್ನುತ್ತದೆ. ಔಷಧಿ ಅಂಗಡಿಯ ಬೋರ್ಡಿನಲ್ಲಿ, ಡಾಕ್ಟರ ಕಾರಿನ ಗಾಜಿನ ಮೇಲೆ ಅದನ್ನು ಕಂಡಾಗಲೆಲ್ಲ ನಾನು ಒಳಗೆ ಹೋಗಿ ಹೇಳಿ ಬಂದಿದ್ದೇನೆ. ಅದು ಅಗ್ಗವಾದಷ್ಟೂ ಯುದ್ಧದಲ್ಲಿ ಅದನ್ನು ಕಟ್ಟಿದವನ ಜೀವವೂ ಅಗ್ಗವಾಗುತ್ತದೆ.

ಮೊಮ್ಮಗನ ಜೊತೆ ನಾನು ಕೆಲಸ ಶುರುಮಾಡಿದ್ದೇನೆ. ಐಸ್‌ಕ್ರೀಮ್ ಕಡ್ಡಿ ಮತ್ತು ಹಳೆಯ ಕರ್ಚೀಫಿನ ತುಂಡಿನಲ್ಲಿ ಒಂದು ಸ್ಟ್ರೆಚರ್ ಮಾಡಿದೆವು. ಅಳಿಯಂದಿರು ತಮ್ಮ ಡಬ್ಬಿಯಿಂದ ಒಬ್ಬ ಸೋವಿಯತ್ ಸಿಪಾಯಿಯನ್ನು ಕೊಟ್ಟರು. ಹುಡುಗನಿಗೆ ಹೊರುವ ಕ್ರಮ ಕಲಿಸಿದೆ. ಸಮನೆಲದಲ್ಲಿ ಗಾಯಾಳುವಿನ ಕಾಲು ಮುಂದಿರಬೇಕು, ಏರು ಹತ್ತುವಾಗ ತಲೆ ಮುಂದಿರಬೇಕು. ಇಬ್ಬರೂ ಒಂದೇ ಹೆಜ್ಜೆ ಹಾಕಬಾರದು, ಹಾಕಿದರೆ ಸ್ಟ್ರೆಚರ್ ತೊಟ್ಟಿಲಿನ ಹಾಗೆ ತೂಗಿ ಗಾಯ ನೋಯುತ್ತದೆ, ಒಬ್ಬ ಎಡಗಾಲು ಎತ್ತಿದರೆ ಇನ್ನೊಬ್ಬ ಬಲಗಾಲು ಎತ್ತಬೇಕು. "ತಾತಾ, ಆದ್ರೆ ಇವ್ನು ಒಬ್ನೇ ಇದಾನಲ್ಲ" ಎಂದ. ಆ ಕೊಕ್ಕೆ ಕೈಗಳು ಸ್ಟ್ರೆಚರಿನ ಕಡ್ಡಿಗೆ ಹೇಳಿ ಮಾಡಿಸಿದ ಹಾಗೆ ಕೂರುತ್ತವೆ. ಆದರೆ ಅವು ಎರಡೇ ಕೈ.

ಸದ್ಯಕ್ಕೆ ಮುಂದಿನ ತುದಿಯನ್ನು ಸಾನಿ ಹಿಡಿದಿದ್ದಾನೆ, ಹಿಂದಿನ ತುದಿ ಬೆಂಕಿಪೊಟ್ಟಣದ ಮೇಲೆ ಕೂತಿದೆ. ನಿಮ್ಮಲ್ಲಿ ಯಾರ ಹತ್ತಿರವಾದರೂ ಇನ್ನೊಬ್ಬ ಸಾನಿ ಡಬಲ್ ಇದ್ದರೆ ಮುಂದಿನ ಭಾನುವಾರ ಬರುವಾಗ ತನ್ನಿ. ಬಂದೂಕು ಬೇಡ.

ಇಂತಿ ನಿಮ್ಮ ವಿಶ್ವಾಸಿ,
ಆರ್ಮಿ ಮೆಡಿಕಲ್ ಕೋರ್‌ನ ನಿವೃತ್ತ ಹವಾಲ್ದಾರ